ಖಿನ್ನತೆ: ಮಾತ್ರೆಯ ಪಾಲೆಷ್ಟು, ನಮ್ಮ ಪಾಲೆಷ್ಟು?

ಕೊಳೆರೋಗ, ಕಾಂಡಕೊರಕ, ಹಳದಿ ಎಲೆ ರೋಗ, ಈಚಿನ ಎಲೆಚುಕ್ಕೆ, ಇವುಗಳ ವಿಚಾರವನ್ನು ಈ ಪುಟಗಳಲ್ಲಿ ಓದುವುದು ಸದಸ್ಯ ಬಾಂಧವರಿಗೆ ರೂಢಿ. ಈ ಸಲ ತೋಟದ ರೋಗವಲ್ಲ, ತೋಟ ಮಾಡುವವರಿಗೆ ಬರುವ ರೋಗವೊಂದರ ವಿಚಾರ ಬರೆಯುತ್ತಿದ್ದೇವೆ. ಅದು ಯಜಮಾನನಿಗೂ ಬರಬಹುದು, ಮನೆಯೊಡತಿಗೂ ಬರಬಹುದು, ಲೈನಿನಲ್ಲಿರುವ ಆಳಿಗೂ ಬರಬಹುದು, ಬೆಂಗಳೂರು ಸೇರಿದ ಮಗನಿಗೂ ಬರಬಹುದು. ವೈದ್ಯರು ಇದನ್ನು ಖಿನ್ನತೆ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಆ ಮಾತಿನ ಬಳಕೆ ಕಡಿಮೆ. ‘ಯಾಕೋ ಮಂಕಾಗಿದಾರೆ’, ‘ಏನೋ ಯೋಚನೆ ಹಚ್ಚಿಕೊಂಡಿದಾರೆ’, ‘ಯಾತರಲ್ಲೂ ಮನಸ್ಸಿಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ.

ಹೀಗೆ ಸುಮ್ಮನಾಗುವುದರಿಂದ ಆಗುವ ನಷ್ಟ ಸಣ್ಣದಲ್ಲ. ಬೆಳೆ ಹೋದರೆ ಮುಂದಿನ ವರ್ಷ ನೋಡಿಕೊಳ್ಳಬಹುದು. ಈ ಕಾಯಿಲೆ ಕೈಮೀರಿದರೆ ಮನುಷ್ಯನೇ ಹೋಗುತ್ತಾನೆ. ಆದ್ದರಿಂದ ಇದು ಏನು, ಇದಕ್ಕೆ ಔಷಧ ಎಷ್ಟು ಕೆಲಸ ಮಾಡುತ್ತದೆ, ಸುತ್ತಲಿನವರಾದ ನಾವು ಎಷ್ಟು ಮಾಡಬೇಕು ಎಂಬ ಲೆಕ್ಕವನ್ನು ಒಮ್ಮೆ ನೋಡೋಣ.

ಬೇಸರ ಬೇರೆ, ಖಿನ್ನತೆ ಬೇರೆ

ಅಡಿಕೆ ಧಾರಣೆ ಬಿದ್ದರೆ ಬೇಸರವಾಗುತ್ತದೆ. ಹೂ ಮಳೆ ಬಾರದಿದ್ದರೆ ಚಿಂತೆಯಾಗುತ್ತದೆ. ಮನೆಯಲ್ಲಿ ಸಾವಾದರೆ ದುಃಖವಾಗುತ್ತದೆ. ಇವೆಲ್ಲ ಕಾಯಿಲೆಗಳಲ್ಲ. ನಾಲ್ಕು ಜನರ ನಡುವೆ ಕುಳಿತಾಗ, ಮೊಮ್ಮಗು ಬಂದಾಗ, ಒಂದು ಹದವಾದ ಮಳೆ ಬಿದ್ದಾಗ ಆ ಬೇಸರ ಸ್ವಲ್ಪವಾದರೂ ಹಗುರಾಗುತ್ತದೆ.

ಖಿನ್ನತೆ ಹಾಗಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು, ಮನಸ್ಸು ಕುಗ್ಗಿಯೇ ಇರುತ್ತದೆ. ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಖುಷಿ ಕೊಡುವುದಿಲ್ಲ. ನಿದ್ದೆ ಕೆಡುತ್ತದೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಊಟ ಸೇರದು, ಇಲ್ಲವೇ ಮಿತಿಮೀರಿ ತಿನ್ನುವಂತಾಗುತ್ತದೆ. ಸಣ್ಣ ಕೆಲಸಕ್ಕೂ ಮೈ ಏಳುವುದಿಲ್ಲ. ಲೆಕ್ಕ ಬರೆಯಲು ಕುಳಿತರೆ ಗಮನ ನಿಲ್ಲುವುದಿಲ್ಲ. ‘ನನ್ನಿಂದಲೇ ಎಲ್ಲ ಹಾಳಾಯಿತು, ನಾನು ಯಾರಿಗೂ ಬೇಡದವನು’ ಎಂಬ ಯೋಚನೆ ಬಿಡದೆ ಕಾಡುತ್ತದೆ. ಸಾವಿನ ಯೋಚನೆಯೂ ಬರಬಹುದು. ಇವುಗಳಲ್ಲಿ ಹಲವು ಒಟ್ಟಿಗೆ ಸೇರಿ, ದಿನನಿತ್ಯದ ಕೆಲಸ ನಿಲ್ಲುವ ಮಟ್ಟಕ್ಕೆ ಬಂದರೆ ವೈದ್ಯರು ಅದನ್ನು ಖಿನ್ನತೆ ಎಂದು ಗುರುತಿಸುತ್ತಾರೆ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕಿರುತ್ತಾರೆ. ಅದೇ ಸಮೀಕ್ಷೆ ಹೇಳಿದ ಇನ್ನೊಂದು ಮಾತು ಹೆಚ್ಚು ಕಳವಳದ್ದು. ತೀವ್ರ ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಸಂಘದ ವಾರ್ಷಿಕ ಸಭೆಗೆ ಬರುವ ಜನರನ್ನು ಕಣ್ಣ ಮುಂದೆ ತಂದುಕೊಂಡರೆ, 20ಕ್ಕೆ ಒಬ್ಬರು ಎಂದರೆ ಎಷ್ಟಾಯಿತು ಎಂಬುದು ತಿಳಿಯುತ್ತದೆ.

ಮನಸ್ಸಿನ ನೋವು ಮೈಯಲ್ಲಿ

ನಮ್ಮ ಕಡೆಯ ಖಿನ್ನತೆಯ ಒಂದು ಲಕ್ಷಣವನ್ನು ಎಲ್ಲರೂ ತಿಳಿದಿರಬೇಕು. ಇಲ್ಲಿ ಯಾರೂ ಡಾಕ್ಟರ ಮುಂದೆ ಕುಳಿತು ‘ನನಗೆ ಮನಸ್ಸಿಗೆ ನೋವು’ ಎನ್ನುವುದಿಲ್ಲ. ‘ತಲೆ ಭಾರ’, ‘ಎದೆ ಹಿಡಿದ ಹಾಗೆ’, ‘ಕೈಕಾಲು ಸೆಳೆತ’, ‘ಹೊಟ್ಟೆ ಉರಿ’, ‘ಮೈಯಲ್ಲಿ ಶಕ್ತಿಯೇ ಇಲ್ಲ’ ಎನ್ನುತ್ತಾರೆ. ಸುಳ್ಳು ಹೇಳುತ್ತಾರೆಂದಲ್ಲ, ನೋವು ನಿಜವಾಗಿಯೂ ಅಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಕಾರಣವೇನೆಂದು ಬೆಂಗಳೂರಿನಲ್ಲಿ ಡಾ. ಆರ್. ರಘುರಾಂ ಮತ್ತು ಸಂಗಡಿಗರು 80 ಮಂದಿ ಹೊರರೋಗಿಗಳನ್ನು ಮಾತಾಡಿಸಿ ತಿಳಿದುಕೊಂಡರು. ಅವರ ವರದಿ 1996ರಲ್ಲಿ ಪ್ರಕಟವಾಯಿತು. ಮೈಕೈ ನೋವನ್ನು ಹೇಳಿಕೊಳ್ಳಲು ಜನರಿಗೆ ನಾಚಿಕೆಯಿರಲಿಲ್ಲ. ಅದು ಎಲ್ಲರಿಗೂ ಆಗಾಗ ಬರುವಂಥದ್ದು. ಮನಸ್ಸು ಕುಗ್ಗಿದೆ ಎನ್ನಲು ಮಾತ್ರ ಹೆದರಿಕೆ. ಊರಿಗೆ ತಿಳಿದರೆ ಮರ್ಯಾದೆ ಏನಾದೀತು, ಮಕ್ಕಳ ಮದುವೆ ಏನಾದೀತು ಎಂಬ ಅಳುಕು. ಅಂದರೆ ಕಾಯಿಲೆಯ ಯಾವ ಭಾಗವನ್ನು ಹೊರಗೆ ಹೇಳಬೇಕು, ಯಾವುದನ್ನು ಒಳಗೇ ಇಟ್ಟುಕೊಳ್ಳಬೇಕು ಎಂಬುದನ್ನು ರೋಗಿಯೊಬ್ಬನೇ ತೀರ್ಮಾನಿಸುವುದಿಲ್ಲ, ಊರೂ ಅವನ ಜೊತೆ ಸೇರಿ ತೀರ್ಮಾನಿಸುತ್ತದೆ.

ಇದರ ಪರಿಣಾಮ ನಮಗೆಲ್ಲ ಗೊತ್ತಿರುವಂಥದ್ದೇ. ಸುಸ್ತು ಎಂದವರಿಗೆ ಶಕ್ತಿಯ ಸೂಜಿ, ಗ್ಲೂಕೋಸ್ ಬಾಟಲಿ. ತಲೆಭಾರ ಎಂದವರಿಗೆ ಪೇಟೆಯಲ್ಲಿ ಸ್ಕ್ಯಾನ್. ಎದೆನೋವಿಗೆ ಮಂಗಳೂರಿಗೋ ಮಣಿಪಾಲಕ್ಕೋ ಓಡಾಟ. ಎಲ್ಲ ವರದಿಗಳಲ್ಲೂ ‘ಏನೂ ತೊಂದರೆಯಿಲ್ಲ’ ಎಂದು ಬಂದ ಮೇಲೆ ಮನೆಯವರ ಮುಖದಲ್ಲಿ ಸಮಾಧಾನ, ರೋಗಿಯ ಮನಸ್ಸಿನಲ್ಲಿ ಇನ್ನಷ್ಟು ಕತ್ತಲೆ. ತೊಂದರೆಯಿಲ್ಲ ಎಂದಮೇಲೆ ತಾನು ನರಳುವುದಾದರೂ ಯಾಕೆ ಎಂದು ಆತ ತನ್ನನ್ನೇ ಬೈದುಕೊಳ್ಳುತ್ತಾನೆ.

ಮೈಯ ಮಾತನ್ನು ಅಲಕ್ಷಿಸಬೇಕು ಎಂದು ನಾವು ಹೇಳುತ್ತಿಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೆ, ರಕ್ತ ಕಡಿಮೆಯಾದರೆ ಖಿನ್ನತೆಯಂಥದೇ ಲಕ್ಷಣ ಬರುತ್ತದೆ. ಆ ಪರೀಕ್ಷೆಗಳು ಆಗಬೇಕು. ಆದರೆ ಅವೆಲ್ಲ ಸರಿಯಿದ್ದೂ ಕಷ್ಟ ಬಿಡದಿದ್ದರೆ ಮನಸ್ಸಿನ ಕಡೆಗೂ ತಿರುಗಿ ನೋಡಬೇಕು. ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನ ವಿಷಾದ ಯೋಗ ಎಂದೇ ಹೆಸರು. ಅಲ್ಲಿ ಅರ್ಜುನನೂ ತನ್ನ ಕಷ್ಟವನ್ನು ಮೈಯ ಮೂಲಕವೇ ಹೇಳಿಕೊಳ್ಳುತ್ತಾನೆ. ಅವನ ಅದೃಷ್ಟಕ್ಕೆ ಕೇಳಿಸಿಕೊಳ್ಳುವವನೊಬ್ಬ ರಥದ ಮೇಲೆಯೇ ಇದ್ದ.

ಕಾಲಕ್ಕೊಂದು ಹೆಸರು

ನಮ್ಮ ಪೇಟೆಗಳಲ್ಲಿ ‘ನರದೌರ್ಬಲ್ಯ’ಕ್ಕೆ ಔಷಧಿ ಎಂಬ ಬೋರ್ಡುಗಳನ್ನು ನೋಡದವರು ಯಾರು? ಈ ಹೆಸರಿನ ಹಿಂದೆ ಒಂದು ಕಥೆಯಿದೆ. 1869ರಲ್ಲಿ ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್ ಎಂಬ ವೈದ್ಯ, ದಣಿವು, ತಲೆನೋವು, ನಿದ್ರಾಹೀನತೆ, ನಿರುತ್ಸಾಹ ಇರುವ ರೋಗಿಗಳಿಗೆ ನರಗಳ ಶಕ್ತಿ ಬರಿದಾಗಿದೆ ಎಂದು ಹೇಳಿ ಅದಕ್ಕೊಂದು ಹೆಸರು ಕೊಟ್ಟ. ನಮ್ಮ ನರದೌರ್ಬಲ್ಯ ಅದರ ಕನ್ನಡ ರೂಪ. 1881ರಲ್ಲಿ ಬರೆದ ಪುಸ್ತಕದಲ್ಲಿ ಆತ ಇದಕ್ಕೆ ಆಧುನಿಕ ನಾಗರಿಕತೆಯೇ ಕಾರಣ ಎಂದ. ಉಗಿಯಂತ್ರ, ತಂತಿ ಸಮಾಚಾರ, ಪತ್ರಿಕೆಗಳು ಅವನ ಪಟ್ಟಿಯಲ್ಲಿದ್ದವು. ಇಂದು ಮೊಬೈಲ್ ಫೋನಿನ ಬಗ್ಗೆ ನಾವು ಆಡುವ ಮಾತನ್ನೇ ಆತ ಅಂದು ತಂತಿಯ ಬಗ್ಗೆ ಆಡಿದ್ದ.

ಈ ಹೆಸರು ಅಮೆರಿಕದಲ್ಲಿ ಮಾಸಿಹೋದರೂ ಚೀನಾದಲ್ಲಿ ಬಹುಕಾಲ ಉಳಿಯಿತು. 1980ರಲ್ಲಿ ಆರ್ಥರ್ ಕ್ಲೈನ್‌ಮನ್ ಎಂಬ ವೈದ್ಯರು ಅಲ್ಲಿನ ಹುನಾನ್ ಪ್ರಾಂತದ ಆಸ್ಪತ್ರೆಯೊಂದರಲ್ಲಿ ನರದೌರ್ಬಲ್ಯವೆಂದು ಬರೆಸಿಕೊಂಡಿದ್ದ 100 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ ಬಹುಪಾಲು ಮಂದಿಗೆ ಇದ್ದದ್ದು ಖಿನ್ನತೆ. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮನೆಮಠ ಕಳೆದುಕೊಂಡವರು, ಬೇಡದ ಕೆಲಸಕ್ಕೆ ಅಟ್ಟಲ್ಪಟ್ಟವರು ಅಲ್ಲಿದ್ದರು. ಕಷ್ಟವನ್ನು ಬಾಯಿಬಿಟ್ಟು ಹೇಳುವುದು ಅಪಾಯವಾಗಿದ್ದ ಕಾಲ ಅದು. ತಲೆನೋವು ಎನ್ನುವುದಕ್ಕೆ ಅಪಾಯವಿರಲಿಲ್ಲ. ಅಂಥವರಿಗೆ ಔಷಧ ಕೊಟ್ಟಾಗ ಹಲವರಿಗೆ ಗುಣ ಕಂಡಿತು. ಆದರೆ ಕೆಲಸದ, ಸಂಸಾರದ ತೊಡಕು ಹಾಗೆಯೇ ಉಳಿದವರಲ್ಲಿ ನರಳಾಟವೂ ಉಳಿಯಿತು ಎಂದು ಅವರು ಬರೆದಿದ್ದಾರೆ.

ನಮ್ಮಲ್ಲೂ ಪ್ರಶ್ನೆ ಕೇಳಿಸುವುದು, ಗ್ರಹಚಾರ ನೋಡಿಸುವುದು, ಹರಕೆ ಹೊರುವುದು ಇದೆ. ಅದರಿಂದ ಧೈರ್ಯ ಬರುವುದಾದರೆ ಬೇಡವೆನ್ನಲು ನಾವು ಯಾರು? ಆದರೆ ಕಾಯಿಲೆಯವರನ್ನು ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಯಾವ ದೇವರ ಹೆಸರಿನಲ್ಲೂ ಕೂಡದು. ಡಾಕ್ಟರರಲ್ಲಿಗೆ ಹೋಗುವುದನ್ನು ಅದಕ್ಕಾಗಿ ಮುಂದಕ್ಕೆ ಹಾಕಲೂ ಬಾರದು.

ಮಾತ್ರೆ ಬಂದ ದಾರಿ

ಇಂದು ಖಿನ್ನತೆಗೆ ಕೊಡುವ ಮಾತ್ರೆಗಳು ಹುಟ್ಟಿದ್ದು ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಐಪ್ರೊನಯಾಜಿಡ್ ಎಂಬ ಹೊಸ ಔಷಧ ಕೊಟ್ಟಾಗ, ಹಾಸಿಗೆ ಹಿಡಿದಿದ್ದ ರೋಗಿಗಳು ಲವಲವಿಕೆಯಿಂದ ಓಡಾಡತೊಡಗಿದರು. ಕ್ಷಯದ ಔಷಧವನ್ನು ಮನಸ್ಸಿನ ಕಾಯಿಲೆಗೆ ಕೊಟ್ಟು ನೋಡುವ ಯೋಚನೆ ಬಂದದ್ದು ಹೀಗೆ. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎಂಬ ಮನೋವೈದ್ಯರು ಇಮಿಪ್ರಮಿನ್ ಎಂಬ ಮತ್ತೊಂದು ಔಷಧದಿಂದ ಖಿನ್ನತೆ ಇಳಿಯುವುದನ್ನು ವರದಿ ಮಾಡಿದರು. 1988ರ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಗೆ ಪ್ರೊಜ್ಯಾಕ್ ಬಂತು. ಅದರ ಔಷಧದ ಹೆಸರು ಫ್ಲೂಕ್ಸೆಟಿನ್. ಈಗ ನಮ್ಮ ತಾಲ್ಲೂಕು ಕೇಂದ್ರದ ಔಷಧದಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ.

ಈ ಮಾತ್ರೆಗಳ ಜೊತೆಗೆ ಒಂದು ವಿವರಣೆಯೂ ಪ್ರಚಾರವಾಯಿತು. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಸ ಕಡಿಮೆಯಾದರೆ ಖಿನ್ನತೆ, ಮಾತ್ರೆ ಅದನ್ನು ತುಂಬಿಸುತ್ತದೆ ಎಂಬುದು ಆ ವಿವರಣೆ. ಮಣ್ಣಿಗೆ ಪೊಟ್ಯಾಷ್ ಕಡಿಮೆಯಾದರೆ ಪೊಟ್ಯಾಷ್ ಹಾಕಿದ ಹಾಗೆ ಕೇಳಲು ಸರಳ. ಆದರೆ ಅಷ್ಟು ಸರಳವಲ್ಲ. ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಸೆರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣ ಎನ್ನಲು ಗಟ್ಟಿಯಾದ ಆಧಾರ ಸಿಗುವುದಿಲ್ಲ ಎಂದಿತು.

ಹಾಗಾದರೆ ಮಾತ್ರೆ ಕೆಲಸಕ್ಕೆ ಬಾರದೇ? ಹಾಗೆ ತಿಳಿಯುವುದೂ ತಪ್ಪು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 522 ಪ್ರಯೋಗಗಳ, 1,16,477 ರೋಗಿಗಳ ಲೆಕ್ಕ ಬಂತು. ಪರೀಕ್ಷಿಸಿದ 21 ಔಷಧಗಳೂ ಬರಿಯ ಹುಸಿಮಾತ್ರೆಗಿಂತ ಉತ್ತಮವಾಗಿದ್ದವು. ಆದರೆ ಸರಾಸರಿಯಲ್ಲಿ ವ್ಯತ್ಯಾಸ ಸಾಧಾರಣ. ಕೆಲವರಿಗೆ ಚೆನ್ನಾಗಿ ಹಿಡಿಸುತ್ತದೆ, ಕೆಲವರಿಗೆ ಬದಲಾಯಿಸಿ ನೋಡಬೇಕಾಗುತ್ತದೆ, ಕೆಲವರಿಗೆ ಅಷ್ಟಕ್ಕಷ್ಟೆ. ಕಾರಣ ಪೂರ್ತಿ ತಿಳಿಯದಿದ್ದರೂ ಉಪಯೋಗವಾಗುವ ಔಷಧಗಳು ವೈದ್ಯದಲ್ಲಿ ಇನ್ನೂ ಇವೆ. ಕಾಯಿಲೆ ಜೋರಾಗಿರುವಾಗ, ಊಟ ನಿದ್ದೆ ಬಿಟ್ಟಿರುವಾಗ, ಸಾವಿನ ಮಾತು ಬರುವಾಗ ಔಷಧ ಬೇಡವೆಂದು ಕೂರುವುದು ಜಾಣತನವಲ್ಲ.

ಮಾತ್ರೆ ತೆಗೆದುಕೊಳ್ಳುವವರು ಕೆಲವು ವಿಷಯ ತಿಳಿದಿರಬೇಕು. ಒಂದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಳಮಳ ಆಗಬಹುದು. ಹತ್ತು ದಿನಕ್ಕೆ ‘ಇದು ಆಗಿಬರಲಿಲ್ಲ’ ಎಂದು ಬಿಡುವವರೇ ಹೆಚ್ಚು. ಎರಡು, ಗುಣವಾದ ಕೂಡಲೇ ನಿಲ್ಲಿಸಬಾರದು. ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಬರುತ್ತದೆ. ಮೂರು, ನಿದ್ದೆಮಾತ್ರೆ ಬೇರೆ, ಖಿನ್ನತೆಯ ಮಾತ್ರೆ ಬೇರೆ. ಚೀಟಿಯಿಲ್ಲದೆ ಅಂಗಡಿಯಿಂದ ತಂದು ವರ್ಷಗಟ್ಟಲೆ ನಿದ್ದೆಮಾತ್ರೆ ನುಂಗಿದರೆ ಅದೇ ಒಂದು ಚಟವಾಗುತ್ತದೆ. ನಾಲ್ಕು, ಸಂಜೆಯ ಕುಡಿತ ಮನಸ್ಸನ್ನು ಎತ್ತುವುದಿಲ್ಲ, ಮರುದಿನ ಇನ್ನೂ ಕೆಳಗೆ ದೂಡುತ್ತದೆ.

ಜಪಾನಿನ ಪಾಠ

ಮಾತ್ರೆಯೊಂದನ್ನೇ ನಂಬಿದರೆ ಸಾಲದು ಎಂಬುದಕ್ಕೆ ಜಪಾನಿನ ಉದಾಹರಣೆ ನೋಡಬೇಕು. ಅಲ್ಲಿ 1990ರ ದಶಕದವರೆಗೆ ಖಿನ್ನತೆ ಎಂದರೆ ಆಸ್ಪತ್ರೆ ಸೇರಬೇಕಾದ ಅಪರೂಪದ ಕಾಯಿಲೆ ಎಂಬ ಭಾವನೆಯಿತ್ತು. 1999-2000ದಲ್ಲಿ ಹೊಸ ಮಾತ್ರೆಗಳು ಬಂದವು. ಔಷಧ ಕಂಪೆನಿಗಳು ಇದನ್ನು ‘ಮನಸ್ಸಿನ ನೆಗಡಿ’ ಎಂದು ಪ್ರಚಾರ ಮಾಡಿದವು. ಅದರಿಂದ ಒಳ್ಳೆಯದೂ ಆಯಿತು. ನಾಚಿಕೆ ಕಡಿಮೆಯಾಗಿ ಜನ ಡಾಕ್ಟರರಲ್ಲಿಗೆ ಹೋದರು. ಕೆಲವೇ ವರ್ಷಗಳಲ್ಲಿ ಮಾತ್ರೆಯ ಮಾರಾಟ ಹಲವು ಪಟ್ಟು ಏರಿತು.

ಆದರೆ ನೆಗಡಿ ತಾನಾಗಿ ವಾಸಿಯಾಗುತ್ತದೆ, ಇದು ಆಗಲಿಲ್ಲ. ಆರ್ಥಿಕ ಕುಸಿತದ ನಡುವೆ 1998ರಲ್ಲಿ ಆ ದೇಶದಲ್ಲಿ ವರ್ಷದ ಆತ್ಮಹತ್ಯೆಗಳ ಸಂಖ್ಯೆ 30,000 ದಾಟಿತು. ಮಾತ್ರೆ ಹೆಚ್ಚಿದರೂ 2011ರವರೆಗೆ ಅದಕ್ಕಿಂತ ಕೆಳಗಿಳಿಯಲಿಲ್ಲ. ಈ ನಡುವೆ, ಮಿತಿಮೀರಿ ದುಡಿಸಿಕೊಂಡದ್ದರಿಂದ ಖಿನ್ನತೆಗೆ ಬಿದ್ದು 1991ರಲ್ಲಿ ಪ್ರಾಣ ಕಳೆದುಕೊಂಡ ಯುವಕನೊಬ್ಬನ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಕಂಪೆನಿಯನ್ನೇ ಹೊಣೆ ಮಾಡಿತು. 2006ರಲ್ಲಿ ಆತ್ಮಹತ್ಯೆ ತಡೆಯುವುದು ಸರ್ಕಾರದ ಮತ್ತು ಸಮಾಜದ ಹೊಣೆ ಎಂಬ ಕಾನೂನಾಯಿತು. ಅದೇ ವರ್ಷ ಲೇವಾದೇವಿದಾರರ ಬಡ್ಡಿಗೆ ಕಡಿವಾಣ ಹಾಕುವ ಕಾನೂನೂ ಆಗಿ 2010ರಲ್ಲಿ ಪೂರ್ತಿ ಜಾರಿಗೆ ಬಂತು. 2012ರಲ್ಲಿ ಸಂಖ್ಯೆ 30,000ಕ್ಕಿಂತ ಕೆಳಗಿಳಿಯಿತು. ಇಳಿದದ್ದು ಯಾವುದೋ ಒಂದೇ ಕಾರಣದಿಂದ ಎಂದು ಹೇಳಲಾಗದು. ಆದರೆ ಕೆಲಸದ ಹೊರೆ ಮತ್ತು ಸಾಲದ ಬಡ್ಡಿ ಎರಡೂ ಮಾನಸಿಕ ಆರೋಗ್ಯದ ವಿಷಯಗಳೇ ಎಂದು ಆ ದೇಶ ಒಪ್ಪಿಕೊಂಡಿತು. ಸಾಲ ಕೊಡುವ, ಸಾಲ ವಸೂಲು ಮಾಡುವ ಸಹಕಾರಿಗಳಾದ ನಮಗೆ ಇದರಲ್ಲಿ ಯೋಚಿಸಬೇಕಾದದ್ದು ಇದೆ.

ನಮ್ಮ ಮನೆಗಳತ್ತ ಒಂದು ನೋಟ

ಹಿಂದಿನ ಮಲೆನಾಡಿನಲ್ಲಿ ಕಷ್ಟವಿರಲಿಲ್ಲವೆಂದಲ್ಲ. ಮಲೇರಿಯಾ ಇತ್ತು, ಬಡತನವಿತ್ತು, ಸೊಸೆಯಂದಿರ ಕಣ್ಣೀರಿತ್ತು. ಆದರೆ ಒಬ್ಬಂಟಿತನ ಇಷ್ಟಿರಲಿಲ್ಲ. ಅಡಿಕೆ ಸುಲಿಯುವ ರಾತ್ರಿ ಅಂಗಳದಲ್ಲಿ ಹತ್ತಾರು ಜನ ಕೂರುತ್ತಿದ್ದರು. ಮಾತು, ನಗೆ, ಜಗಳ ಎಲ್ಲ ಅಲ್ಲಿಯೇ ಕಳೆಯುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲಕ್ಕೆ ಅದು ಬೇಕೇಬೇಕು. ಆದರೆ ಅಂಗಳದ ಮಾತು ಯಂತ್ರದ ಜೊತೆ ಬರಲಿಲ್ಲ.

ಹತ್ತು ಕೋಣೆಯ ಮನೆಯಲ್ಲಿ ಇಬ್ಬರು ಮುದುಕರು. ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದ ಮಳೆ, ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇನ್ನೊಂದು ಮನೆಯಲ್ಲಿ ತೋಟ ನೋಡಿಕೊಳ್ಳಲು ಊರಲ್ಲಿಯೇ ಉಳಿದ ಮಗ. ಅವನಿಗೆ ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲ. ‘ಇನ್ನೂ ಆಗಲಿಲ್ವಾ?’ ಎಂದು ಮದುವೆಮನೆಯಲ್ಲಿ ಕೇಳುವವರಿಗೆ ಹೆದರಿ ಅವನು ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಮತ್ತೊಂದು ಮನೆಯಲ್ಲಿ ಗೃಹಿಣಿ. ಅತ್ತೆಯ ಆರೈಕೆ, ಕೊಟ್ಟಿಗೆ, ಆಳುಗಳ ಅಡಿಗೆ ಎಲ್ಲ ಅವರದೇ. ‘ನಿಮಗೆ ಹೇಗಿದೆ ಅತ್ತಿಗೆ?’ ಎಂದು ಕೇಳುವವರಿಲ್ಲ. ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದನ್ನು ನೆನಪಿಡಬೇಕು. ಬಾಣಂತಿಯರಲ್ಲೂ ಇದು ಬರುತ್ತದೆ. ಮಗುವನ್ನು ಕಂಡರೆ ಸಂತೋಷವಿಲ್ಲ ಎಂಬುದು ಸೊಕ್ಕಲ್ಲ, ಕಾಯಿಲೆ.

ಇದರ ಮೇಲೆ ಬೆಲೆಯ ಏರಿಳಿತ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 2001-02ರ ಹೊತ್ತಿಗೆ ವಿಶ್ವದ ಕಾಫಿ ಬೆಲೆ ದಶಕಗಳಲ್ಲೇ ಕಾಣದಷ್ಟು ಕೆಳಗೆ ಹೋಯಿತು. ಆ ವರ್ಷಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಬೇರೆ ಖಂಡಗಳಲ್ಲಿ ಬೆಳೆ ಹೆಚ್ಚಾಗಿ ಬೆಲೆ ಬಿದ್ದರೂ, ಕಣದಲ್ಲಿ ಕುಳಿತ ಸಣ್ಣ ಬೆಳೆಗಾರ ಮಾತ್ರ ‘ನನ್ನ ಕೈಗುಣವೇ ಸರಿಯಿಲ್ಲ’ ಎಂದುಕೊಳ್ಳುತ್ತಾನೆ. ಲೋಕದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವುದೇ ಈ ಕಾಯಿಲೆಯ ಸ್ವಭಾವ.

ಮಾತೂ ಔಷಧವೇ

ಡಾಕ್ಟರರ ಸಂಖ್ಯೆ ಕಡಿಮೆಯಿರುವ ಕಡೆ ಏನು ಮಾಡಬಹುದು ಎಂಬುದಕ್ಕೆ ನೆರೆಯ ಗೋವಾದಲ್ಲಿ ಒಂದು ಪ್ರಯೋಗ ನಡೆಯಿತು. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಖಿನ್ನತೆಯ ರೋಗಿಗಳೊಡನೆ ಆರರಿಂದ ಎಂಟು ಸಲ ಕೂತು ಮಾತಾಡುವ ವ್ಯವಸ್ಥೆ ಮಾಡಿದರು. ಒಟ್ಟು 495 ಮಂದಿ ಇದರಲ್ಲಿದ್ದರು. ಮೂರು ತಿಂಗಳ ನಂತರ ನೋಡಿದಾಗ, ಈ ಮಾತುಕತೆ ಸಿಕ್ಕವರಲ್ಲಿ ನೂರಕ್ಕೆ 64 ಮಂದಿ ಗುಣವಾಗಿದ್ದರು, ಸಿಗದವರಲ್ಲಿ 39. ವರದಿ 2017ರಲ್ಲಿ ಪ್ರಕಟವಾಗಿದೆ.

ಅವರು ಹೇಳಿಕೊಟ್ಟದ್ದು ದೊಡ್ಡ ತತ್ವವಲ್ಲ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡಿ, ಸಣ್ಣದೊಂದು ಕೆಲಸ ಮಾಡಿ, ಮನಸ್ಸು ಅದರ ಹಿಂದೆ ಬರುತ್ತದೆ ಎಂಬುದು ಅದರ ಸಾರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಇಡೀ ತೋಟ ಸುತ್ತಬೇಕಿಲ್ಲ. ಇವತ್ತು ನರ್ಸರಿಯ ನಾಲ್ಕು ಸಾಲು ಗಿಡಕ್ಕೆ ನೀರು, ನಾಳೆ ಪಕ್ಕದ ಮನೆಯವರೆಗೆ ನಡಿಗೆ, ನಾಡಿದ್ದು ಸಂಘದ ಕಚೇರಿಗೆ ಬಂದು ಒಂದು ಲೋಟ ಕಾಫಿ. ಜೊತೆಗೊಬ್ಬರು ಇದ್ದರೆ ಇನ್ನೂ ಸುಲಭ.

ದೂರದ ಜಿಂಬಾಬ್ವೆಯಲ್ಲಿ ಖಿನ್ನತೆಗೆ ಜನ ಬಳಸುವ ಮಾತಿನ ಅರ್ಥ ‘ಅತಿಯಾಗಿ ಯೋಚಿಸುವುದು’. ನಮ್ಮ ‘ಯೋಚನೆ ಹಚ್ಚಿಕೊಳ್ಳುವುದಕ್ಕೆ’ ಎಷ್ಟು ಹತ್ತಿರ! ಅಲ್ಲಿ ಡಾ. ಡಿಕ್ಸನ್ ಚಿಬಾಂಡಾ ಅವರು ತರಬೇತಿ ಪಡೆದ ಅಜ್ಜಿಯರನ್ನು ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಬಂದವರ ಕಷ್ಟ ಕೇಳಿ, ಅದರಲ್ಲಿ ಒಂದನ್ನು ಆರಿಸಿ, ಅದಕ್ಕೊಂದು ದಾರಿ ಹುಡುಕಲು ನೆರವಾಗುವುದು ಅಜ್ಜಿಯರ ಕೆಲಸ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದೂ ಫಲ ಕೊಟ್ಟದ್ದು ಖಚಿತವಾಯಿತು.

ನಮ್ಮ ದೇಶದಲ್ಲೂ ಇದಕ್ಕೆ ಹಳೆಯ ಬೇರು ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಯ ಜೊತೆ ಮನೆಯವರೂ ಉಳಿಯಲೆಂದು ಆವರಣದಲ್ಲಿ ಡೇರೆ ಹಾಕಿಸಿದರು. ಮನೆಯವರು ಜೊತೆಗಿದ್ದವರು ಬೇಗ ಮನೆಗೆ ಮರಳಿದರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾಡಿ ತೋರಿಸಿದ ಕೆಲಸವೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಸದಸ್ಯರು ಮಾಡಬಹುದಾದದ್ದು

1. ಸಭೆಗೆ ತಪ್ಪದೆ ಬರುತ್ತಿದ್ದವರು ಕಾಣದಿದ್ದರೆ, ತೋಟ ಕಾಡು ಬೀಳುತ್ತಿದ್ದರೆ, ಔಷಧಿ ಹೊಡೆಯುವ ಹೊತ್ತು ಮೀರಿದರೂ ಸುಮ್ಮನಿದ್ದರೆ, ಒಮ್ಮೆ ಮನೆಗೆ ಹೋಗಿ ಬನ್ನಿ. ‘ಏನು ಹೆಗ್ಡೇರೆ, ಈಚೆಗೆ ಕಾಣಿಸ್ಲೇ ಇಲ್ಲ, ಹೇಗಿದೀರಿ?’ ಎಂದಷ್ಟು ಕೇಳಿದರೆ ಸಾಕು. ಬುದ್ಧಿ ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಮುಖ್ಯ. ‘ಧೈರ್ಯ ತಗೊಳ್ಳಿ, ನಿಮಗೇನು ಕಡಿಮೆಯಾಗಿದೆ’ ಎಂಬ ಮಾತು ಕಾಯಿಲೆಯವರಿಗೆ ಬೈಗುಳದಂತೆ ಕೇಳಿಸುತ್ತದೆ.

2. ಸಾಯುವ ಮಾತು ಬಂದರೆ ‘ಸುಮ್ಮನೆ ಹೇಳ್ತಾರೆ’ ಎಂದು ಬಿಡಬೇಡಿ. ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

3. ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿದ ಕಪಾಟಿನಲ್ಲಿಡಿ. ಕೀಲಿ ಬೇರೆಯವರ ಬಳಿ ಇರಲಿ. ಬೇಕಾದಷ್ಟೇ ಕೊಳ್ಳಿರಿ. ಶ್ರೀಲಂಕಾದಲ್ಲಿ 1995ರಿಂದ ಒಂದೊಂದಾಗಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ, ಸುಮಾರು 20 ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ 70ರಷ್ಟು ಇಳಿಯಿತು. ಆ ನಿಷೇಧದಿಂದ ಭತ್ತದ ಇಳುವರಿಯೂ ಕುಗ್ಗಲಿಲ್ಲ. ಆ ಕ್ಷಣ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ ಎಂಬುದೇ ಇದರರ್ಥ.

4. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ; ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆಂದು ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲಿಯೇ ಮಾತಾಡಬಹುದು.

5. ಪೊಲೀಸರ ಹೆದರಿಕೆಯಿಂದ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. ಹಿಂದೆ ಅಂಥವರಿಗೆ ಶಿಕ್ಷೆ ವಿಧಿಸುತ್ತಿದ್ದ ದಂಡಸಂಹಿತೆಯ 309ನೆಯ ಕಲಮು, ಹೊಸ ನ್ಯಾಯಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಹೋಯಿತು. ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ಅವಕಾಶವಿರಬೇಕು ಎಂದೂ 2017ರ ಕಾಯಿದೆ ಹೇಳಿದೆ.

6. ಸಾಲ ಕಟ್ಟಲಾಗದವರು ನೋಟೀಸಿಗೆ ಹೆದರಿ ಮನೆಯಲ್ಲಿ ಅವಿತು ಕೂರಬಾರದು. ಕಚೇರಿಗೆ ಬಂದು ಮಾತಾಡಬೇಕು. ಸಂಘಗಳೂ ನೋಟೀಸು ಕಳಿಸುವ ಮುನ್ನ ಒಬ್ಬ ನಿರ್ದೇಶಕರನ್ನು ಆ ಮನೆಗೆ ಕಳಿಸುವ ಪದ್ಧತಿ ಇಟ್ಟುಕೊಂಡರೆ, ವಸೂಲಿಗೂ ಒಳ್ಳೆಯದು, ಮನುಷ್ಯತ್ವಕ್ಕೂ ಒಳ್ಳೆಯದು.

1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ, ಅದು ಒಬ್ಬೊಬ್ಬ ಬೆಳೆಗಾರನ ಹಣೆಬರಹ ಎಂದು ನಮ್ಮ ಹಿರಿಯರು ಕೈಕಟ್ಟಿ ಕೂರಲಿಲ್ಲ. ಒಟ್ಟು ಸೇರಿದರು, 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಒಬ್ಬನಿಂದಾಗದ್ದು ಹತ್ತು ಜನರಿಂದಾಗುತ್ತದೆ ಎಂಬುದೇ ಸಹಕಾರದ ಅರ್ಥ. ಖಿನ್ನತೆಯ ವಿಷಯದಲ್ಲೂ ಮಾತ್ರೆ ತನ್ನ ಪಾಲಿನ ಕೆಲಸ ಮಾಡುತ್ತದೆ, ಡಾಕ್ಟರು ತಮ್ಮ ಪಾಲಿನದನ್ನು ಮಾಡುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆದರೂ ಬಸಿಗಾಲುವೆ ಬಿಡಿಸುವ ಕೆಲಸ ಉಳಿದೇ ಇರುತ್ತದೆ. ಆ ಉಳಿದ ಕೆಲಸ ಮನೆಯವರದು, ನೆರೆಯವರದು, ಸಂಘದ್ದು. ಈ ಮಳೆಗಾಲ ಶುರುವಾಗುವ ಮುನ್ನ, ತಮ್ಮ ಆಸುಪಾಸಿನಲ್ಲಿ ಬಾಗಿಲು ಹಾಕಿಕೊಂಡ ಮನೆಯೊಂದಿದ್ದರೆ, ಸದಸ್ಯ ಬಾಂಧವರು ಒಮ್ಮೆ ಹೋಗಿ ಆ ಬಾಗಿಲು ತಟ್ಟಬೇಕೆಂದು ಕೋರುತ್ತೇವೆ.